ಮನೇಲಿ ಎಷ್ಟು ಜನ?

ಹಿನಕಲ್, ಮೈಸೂರು
ಜೂನ್ 14

ಪ್ರೀತಿಯ ಮಾಲವಿಕಾಳಿಗೆ,

ನಿನ್ನ ಪ್ರೇಮಲೀಲಾಳ ನೆನಪುಗಳು. ನಿನ್ನ ಪೆಟ್ಟಿಗೆ ಬಂದು ತಿಂಗಳ ಮೇಲಾಯ್ತು, ಇವತ್ತು ಉತ್ತರ ಬರೀತಾ ಇದೀನಿ, ಬೈಕೋಬೇಡ. ಬರೆದು ಬರೆದು ಹರಿದೆ. ಒತ್ತಕ್ಷರ ಯಾಕೋ ಸರಿ ಕಾಣ್ತಿರಲಿಲ್ಲ. ನೀನು ಲೈಬ್ರರಿಯೋಳು, ನಾನು ಎಂಟನೇ ಕ್ಲಾಸಿಗೇ ಬ್ಯಾಗು ಮೊಳೆಗೆ ನೇತುಹಾಕಿದೋಳು. ಲಷ್ಕರ್ ಮೊಹಲ್ಲಾದಲ್ಲಿ ನಿಮ್ಮ ಹಿಂಬದಿ ಜಗಲಿ ಮೇಲೆ ನಿಮ್ಮಮ್ಮ ಸುಂದರಮ್ಮನೋರು ಕೂರಿಸಿಕೊಂಡು ತಿದ್ದಿಸದೇ ಇದ್ದಿದ್ರೆ ಇಷ್ಟು ಕೂಡ ಬರ್ತಿರಲಿಲ್ಲ. ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು.

ಪೋಸ್ಟಿನೋನು ಪೆಟ್ಟಿಗೆ ಇಳಿಸಿ "ಕೆನಡಾದಿಂದ ಕಣಮ್ಮ" ಅಂದಾಗ ನಿನಗೇ ಏನೋ ಆಗಿ ಯಾರೋ ನಿನ್ನ ಸಾಮಾನು ಕಳಿಸಿದಾರೆ ಅಂದುಕೊಂಡೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದ್ರೂ ಮನೆ ಹೊತ್ತಿಕೊಂಡಂಗೆ ಕಣ್ಣಿಗೆ ಕಟ್ಟುತ್ತೆ. ಮಗಳು ನಿಶ್ಚಿತಾ ಬಂದು ಬಿಚ್ಚಿದ ಮೇಲೇ ಉಸಿರು ಬಂತು. ಎಲ್ಲಾ ಪುಸ್ತಕ! ಅದೂ ನಿಮ್ಮ ಕೆನಡಾದ ಹೆಸರುವಾಸಿ ಹೆಂಗಸರ ಪುಸ್ತಕ. ಆದರೆ ಪ್ರತಿ ಪುಸ್ತಕದ ಒಳಗೂ ಕೆಂಪು ಮೊಹರು. ಇದೇನೇ ಇದು, ಕದ್ದ ಮಾಲೇನಾದ್ರೂ ಅಂದೆ. ನನ್ನ ಮಗಳು ಬಿದ್ದುಬಿದ್ದು ನಕ್ಕಳು. "ಅಮ್ಮ, ಇದು ವಿತ್‌ಡ್ರಾನ್ ಅಂತ. ಲೈಬ್ರರಿಯೋರು ಹಳೇದಾಯ್ತು ಅಂತ ಲೆಕ್ಕದಿಂದ ತೆಗೆದದ್ದು." ಇಂಥಾ ಹೆಂಗಸರನ್ನೂ ಲೆಕ್ಕದಿಂದ ತೆಗೀತಾರಾ ಅಂತ ಕೇಳಿದೆ. "ಅದಕ್ಕೇ ಮಾಲವಿಕಾ ಆಂಟಿ ನಮ್ಮ ಲೆಕ್ಕಕ್ಕೆ ಹಾಕಿದಾರೆ ಬುಡು" ಅಂದಳು.

ಸಾಯಂಕಾಲ ನಾನು ಸೊಪ್ಪು ಬಿಡಿಸ್ತಾ ಕೂತರೆ ಅವಳು ಇಂಗ್ಲಿಷಲ್ಲಿ ಕಣ್ಣಾಡಿಸಿ ಕನ್ನಡದಲ್ಲಿ ಹೇಳ್ತಾಳೆ. ವಯೋಲಾ ಅನ್ನೋಳ ಕತೆ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ನಿಮ್ಮ ಹ್ಯಾಲಿಫ್ಯಾಕ್ಸಿನೋಳೇ ಅಂತಲ್ಲ, ಕಪ್ಪು ಬಣ್ಣದೋಳು ಅಂತ ಸಿನಿಮಾ ಟಾಕೀಸಲ್ಲಿ ಕೆಳಗೆ ಕೂರಬೇಡ, ಮೇಲೆ ಹೋಗು ಅಂದರಂತೆ. ದೂರದ್ದು ಸರಿಯಾಗಿ ಕಾಣಲ್ಲ, ಇಲ್ಲೇ ಕೂರ್ತೀನಿ ಅಂತ ಕೂತಳಂತೆ. ಎಳಕೊಂಡು ಹೋಗಿ ಜೈಲಿಗೆ ಹಾಕಿದರಂತೆ. ಈಗ ನಿಮ್ಮ ಹತ್ತು ಡಾಲರ್ ನೋಟಲ್ಲಿ ಅವಳ ಮುಖ ಇದೆಯಂತೆ, ಹೌದೇನೇ? ಆಮೇಲೆ ಲಾರಾ ಅಂತ ಒಬ್ಬಳು. ಶತ್ರು ಸೈನ್ಯ ಬರ್ತಾ ಇದೆ ಅಂತ ಸುಳಿವು ಸಿಕ್ಕಿ, ಅದನ್ನ ಹೇಳೋಕೆ ಒಬ್ಬಳೇ ಕಾಡು ಹೊಕ್ಕಳಂತೆ. ಅವಳು ಕಾಡು ಹೊಕ್ಕೋ ಹೊತ್ತಿಗೆ ಸರಿಯಾಗಿ ನಮ್ಮನೇಲಿ ಹಾಲು ಉಕ್ಕಿತು. ನಾನು ಎದ್ದು ಓಡಿದೆ. ಅದರ ಮುಂದಿನದು ಕೇಳೋದು ಹಾಗೇ ನಿಂತಿದೆ.

ಇನ್ನೊಂದು ಪುಸ್ತಕ ಐದು ಜನ ಹೆಂಗಸರದು. ಅದರದ್ದೇ ನನಗೀಗ ದಿಗಿಲು. ಅಲ್ಲಿನ ದೊಡ್ಡ ಕೋರ್ಟು, ಕಾಯಿದೆಯಲ್ಲಿ "ಪರ್ಸನ್" ಅಂತ ಬರೆದಿದ್ದರೆ ಅದರಲ್ಲಿ ಹೆಂಗಸರು ಸೇರಲ್ಲ ಅಂತ ಹೇಳಿತ್ತಂತೆ. ಇವರು ಬಿಡದೆ ಲಂಡನ್‌ವರೆಗೂ ಹೋಗಿ, ಸೇರ್ತಾರೆ ಅನ್ನಿಸಿಕೊಂಡು ಬಂದರಂತೆ. ಪರ್ಸನ್ ಅಂದ್ರೇನೇ ಅಂದೆ. ನಿಶ್ಚಿತಾ, "ನಮ್ಮ ಮನೆ ಮಾತಲ್ಲಿ ಹೇಳೋದಾದ್ರೆ, ಜನ" ಅಂದಳು.

ಹಾಗಂದವಳು ಸುಮ್ಮನಿರಬಾರದಾ? ಹೋದ ವಾರ ನಮ್ಮ ಭಾವ ಮಹದೇವಪ್ರಸಾದರನ್ನ ನೋಡೋಕೆ ಲೇಔಟಿನ ಸಾಹುಕಾರ ಬಂದಿದ್ದ. ರಿಂಗ್ ರೋಡ್ ಪಕ್ಕದ ನಮ್ಮ ಮಾವನ ಕಾಲದ ಜಮೀನು, ಅದಕ್ಕೆ ಸೇರಿಕೊಂಡಿರೋ ನಾವಿರೋ ಹಿಂದಿನ ಮನೆ, ಎಲ್ಲಾ ಅವನಿಗೆ ಬೇಕಂತೆ. ಊಟಕ್ಕೆ ಕೂತಾಗ ಭಾವ ಹೇಳಿದರು, "ಮನೇಲಿ ನಾವು ಮೂರು ಜನ ಸಾರ್. ನಾನು, ತಮ್ಮ ಬಸವರಾಜು, ನನ್ನ ಮಗ ಸಂಜಯ್. ಮೂರು ಸಹಿ ಬಿದ್ರೆ ಮುಗೀತು." ಬಡಿಸ್ತಾ ಇದ್ದ ನಿಶ್ಚಿತಾ ಸೌಟು ಹಿಡಕೊಂಡೇ ಕೇಳಿದಳು, "ದೊಡ್ಡಪ್ಪ, ಮತ್ತೆ ದೊಡ್ಡಮ್ಮ, ಅಮ್ಮ, ನಾನು? ನಾವೇನು ಪಾತ್ರೆಗಳಾ?"

ಎಲ್ಲರೂ ನಕ್ಕರು. ಸಾಹುಕಾರ ನಗ್ತಾ ನಗ್ತಾ, "ಹುಡುಗಿ ಹೇಳೋದು ಸರಿ ಸಾರ್. ಈಗ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು. ಅವಳ ಸಹಿ ಇಲ್ದೆ ನಮ್ಮ ಲಾಯರ್ ಒಪ್ಪಲ್ಲ" ಅಂದ. ಭಾವನೂ ನಕ್ಕರು ಕಣೇ. ಇಪ್ಪತ್ತೆರಡು ವರ್ಷದಿಂದ ಅವರನ್ನ ನೋಡ್ತಾ ಇದೀನಿ, ಎದುರು ಮಾತಾಡಿದರೆ ತಟ್ಟೆ ತಳ್ಳಿ ಏಳೋರು. ಅವತ್ತು ನಕ್ಕು, ಇನ್ನೊಂದು ಸಲ ಸಾರು ಹಾಕಿಸಿಕೊಂಡರು.

ಬಯ್ದಿದ್ದರೆ ನನಗೆ ನಿದ್ದೆ ಬರ್ತಿತ್ತು.

ನಿನ್ನ ಮಂಡಿನೋವು ಹೇಗಿದೆ? ಹಿಮದಲ್ಲಿ ಜೋಪಾನ. ಓ, ಈಗ ಅಲ್ಲಿ ಬೇಸಿಗೆ ಅಲ್ವಾ.

ನಿನ್ನ
ಪ್ರೇಮಾ

ಮರೆತಿದ್ದೆ: ಪುಸ್ತಕ ಮತ್ತೆ ಕಳಿಸೋದಾದರೆ ನನ್ನ ಕೇಳಿ ಕಳಿಸು. ಬೇಡ ಅಂತಲ್ಲ. ಅವಳು ಓದುವಾಗ ಅವಳ ಮುಖ ನೋಡೋಕೆ ಚೆಂದ. ಚೆಂದ ಕಂಡಿದ್ದಕ್ಕೆಲ್ಲ ನನಗೆ ಭಯ, ಅಷ್ಟೇ.


ಹಿನಕಲ್
ಆಗಸ್ಟ್ 30

ಪ್ರೀತಿಯ ಮಾಲವಿಕಾ,

ನಿನ್ನ ಮೆಸೇಜುಗಳಿಗೆ ಉತ್ತರ ಬರಲಿಲ್ಲ ಅಂತ ಕೋಪ ಮಾಡಿಕೊಂಡಿರ್ತೀಯ. ಮನೆಯವರ ಫೋನುಗಳನ್ನೆಲ್ಲ ಸಂಜಯ್ ಒಂದೇ ಪ್ಲಾನಿಗೆ ಸೇರಿಸ್ತೀನಿ ಅಂತ ಇಸಕೊಂಡ. ವಾಪಸ್ ಕೊಟ್ಟ ಮೇಲೆ ನಾನು ಯಾರ ಜೊತೆ ಏನು ಮಾತಾಡಿದೆ ಅನ್ನೋದನ್ನ ಊಟಕ್ಕೆ ಕೂತಾಗ ಅವನೇ ಹೇಳ್ತಾನೆ. "ಏನು ಚಿಕ್ಕಮ್ಮ, ಕೆನಡಾದಲ್ಲಿ ಮಳೆಯಂತೆ?" ಅಂತಾನೆ. ಅದಕ್ಕೇ ಈ ಕಾಗದ. ಹೂವಿನ ಸೋಮಮ್ಮನ ಕೈಲಿ ಕೊಟ್ಟು ಡಬ್ಬಿಗೆ ಹಾಕಿಸ್ತೀನಿ. ನೀನೂ ಅವಳ ಮನೆ ವಿಳಾಸಕ್ಕೇ ಬರಿ.

ಗೌರಿ ಹಬ್ಬ ಆಯ್ತು. ಅದಕ್ಕೆ ಮುಂಚೆ ನಡೆದದ್ದು ಹೇಳಿಬಿಡ್ತೀನಿ. ಸಹಿ ಹಾಕು ಅಂತ ಭಾವ ಎರಡು ಮೂರು ಸಲ ನಿಶ್ಚಿತಾಗೆ ಹೇಳಿದರು, ಪ್ರೀತಿಯಿಂದಲೇ. ಅವಳೂ ಜಗಳ ಆಡಲಿಲ್ಲ. "ಹಾಕ್ತೀನಿ ದೊಡ್ಡಪ್ಪ. ಅಮ್ಮ ಇರೋ ಹಿಂದಿನ ಮನೆಯೊಂದನ್ನ ಅಮ್ಮನ ಹೆಸರಿಗೆ ಬರೆದುಕೊಡಿ, ಅವತ್ತೇ ಹಾಕ್ತೀನಿ" ಅಂದಳು. ನನಗೆ ಮನೆ ಯಾಕೇ, ನೀನು ಸುಮ್ಮನಿರು ಅಂತ ಕೈ ಮುಗಿದೆ. "ಅಮ್ಮ, ನಾಳೆ ಈ ಗೋಡೆ ಒಡೆದರೆ ನೀನು ಎಲ್ಲಿ ನಿಂತು ಕೈ ಮುಗೀತೀಯ?" ಅಂದಳು. ಅವರಪ್ಪ ಹೂಟಗಳ್ಳಿ ಫ್ಯಾಕ್ಟರಿಯಿಂದ ಬಂದು ಶೂ ಬಿಚ್ಚುತ್ತಾ ಇದ್ದರು. ನೀವಾದ್ರೂ ಹೇಳ್ರೀ ಅಂದ್ರೆ, "ಅಣ್ಣ ನೋಡ್ಕೊತಾನೆ ಬುಡು" ಅಂತ ಆ ಶೂಗೇ ಹೇಳಿದರು.

ಹಬ್ಬದ ದಿನ ನಾನು, ನನ್ನ ಓರಗಿತ್ತಿ ಗಿರಿಜಾಂಬಾ ಪೂಜೆ ಮುಗಿಸಿ ಎದ್ವಿ. ಭಾವ ಒಂದು ಮೊರದ ಬಾಗಿನ ತಂದು ನಡುಮನೇಲಿ ಇಟ್ಟರು. ಹೊಸ ಮೊರ, ಅರಿಶಿನ ಬಳಿದದ್ದು, ಮೇಲೊಂದು ಮೊರ ಮುಚ್ಚಿದ್ದು. ನಮ್ಮ ತವರಿಂದ ಬಂದದ್ದೇನೋ ಅಂತ ನಾನು ಸೆರಗು ಸರಿ ಮಾಡಿಕೊಂಡೆ. ಅವರು ನಿಶ್ಚಿತಾನ್ನ ಕರೆದರು. "ಬಾ ಮಗಳೇ. ಇದು ನಿಂಗೆ, ತವರಿನ ಬಾಗಿನ."

ನೀನು ಅಷ್ಟು ದೂರ ಇದ್ರೂ ಇದನ್ನ ಮರೆತಿರಲ್ಲ. ತವರಿಂದ ಬಾಗಿನ ಹೋಗೋದು ಮದುವೆ ಮಾಡಿ ಕಳಿಸಿಕೊಟ್ಟ ಹೆಣ್ಣಿಗೆ. ಇದೇ ಮನೇಲಿ ಹುಟ್ಟಿ, ಇದೇ ಮನೇಲಿ ಇರೋ, ತಾಳಿ ಇಲ್ಲದ ಹುಡುಗಿಗೆ ಯಾರೇ ಕೊಡ್ತಾರೆ? "ಭಾವ, ಅವಳಿಗೆ ಇನ್ನೂ ಮದುವೆ..." ಅಂದೆ. "ಆಗದೇ ಇರುತ್ತಾ? ಮುಂಚಿತವಾಗಿ ಕೊಡ್ತಿದೀನಿ, ತಗೋ" ಅಂದರು. ಗಿರಿಜಾಂಬಾ ಅಕ್ಕ ನೆಲ ನೋಡ್ತಿದ್ದಳು.

ನಿಶ್ಚಿತಾ ಕೂತು ಮೇಲಿನ ಮೊರ ತೆಗೆದಳು. ಬಳೆ, ಬಿಚ್ಚೋಲೆ, ತೆಂಗಿನಕಾಯಿ, ರವಿಕೆ ಕಣ. ಕಣದ ಕೆಳಗೆ ಹಕ್ಕು ಬಿಟ್ಟುಕೊಡೋ ಪತ್ರ, ಅದರ ಪಕ್ಕ ಒಂದು ಪೆನ್ನು. ಅವಳು ಪತ್ರನೂ ಪೆನ್ನೂ ತೆಗೆದು ದೊಡ್ಡಪ್ಪನ ಕೈಗೇ ಕೊಟ್ಟಳು. "ಇವೆರಡು ಬಾಗಿನದ ಸಾಮಾನಲ್ಲ ದೊಡ್ಡಪ್ಪ, ಬಿದ್ದುಬಿಟ್ಟಿವೆ ಅನ್ಸುತ್ತೆ" ಅಂತ ಎದ್ದಳು. ಭಾವ ಮತ್ತೆ ನಕ್ಕರು. ಬಾಗಿನ ಅಲ್ಲೇ ಇರಲಿ, ಯಾರೂ ಮುಟ್ಟಬೇಡಿ ಅಂದರು. ಇವತ್ತಿಗೂ ನಡುಮನೇಲಿ ಹಾಗೇ ಇದೆ. ಗುಡಿಸುವಾಗ ನಾನು ಅದನ್ನ ಸುತ್ತಿಕೊಂಡು ಗುಡಿಸ್ತೀನಿ.

ಗಣಪತಿ ಹಬ್ಬದ ಮಾರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಚ್ಚಲು ತುಂಬಾ ಬೇರೆ ಥರದ ಹೊಗೆ. ಹಂಡೆ ಒಲೆಯೊಳಗೆ ನಿನ್ನ ಪುಸ್ತಕಗಳು ಉರೀತಿದ್ದವು. ವಯೋಲಾ ಮುಖ ಅರ್ಧ ಸುರುಳಿಕೊಂಡು ನನ್ನ ಕಡೆಗೇ ನೋಡ್ತಿತ್ತು. ಒಲೆ ಮುಂದೆ ಕೂತಿದ್ದೋಳು ಗಿರಿಜಾಂಬಾ ಅಕ್ಕ. "ಸೌದೆ ಹಸಿ ಕಣಮ್ಮ, ಒಣ ಪೇಪರ್ ಹಾಕು ಅಂದ್ರು" ಅಂದಳು. ಯಾರು ಅಂದ್ರು ಅಂತ ನಾನು ಕೇಳಲಿಲ್ಲ. ಅವಳ ಕಣ್ಣು ಕೆಂಪಗಿತ್ತು, ಹೊಗೆಗೋ ಏನೋ. ಆ ನೀರಲ್ಲೇ ಮನೆಯವರೆಲ್ಲ ಸ್ನಾನ ಮಾಡಿದರು.

ನಿಶ್ಚಿತಾ, "ಹೋಗ್ಲಿ ಬುಡಮ್ಮ, ಓದಿಯಾಗಿದೆ" ಅಂದಳು, ಅಷ್ಟೇ. ಸಂಜೆ ಜಡೆ ಹಾಕಿಸಿಕೊಳ್ತಾ ನನ್ನ ಮಡಿಲಲ್ಲಿ ತಲೆಯಿಟ್ಟು ತುಂಬಾ ಹೊತ್ತು ಹಾಗೇ ಇದ್ದಳು. ದೊಡ್ಡ ಹುಡುಗಿ, ಎಷ್ಟೋ ವರ್ಷದಿಂದ ಹಾಗೆ ಮಾಡಿರಲಿಲ್ಲ.

ನಿನ್ನ
ಪ್ರೇಮಾ

ಇನ್ನೊಂದು: ಅವಳನ್ನ ನೋಡೋಕೆ ಯಾರೋ ಬರ್ತಾರೆ ಅಂತ ಮನೇಲಿ ಯಾರೂ ಹೇಳಿಲ್ಲ. ಆದರೆ ಅಕ್ಕನ ಬೀರುವಿನಲ್ಲಿ ಧಾರೆ ಸೀರೆ ಕಂಡೆ. ಅಕ್ಕನಿಗೆ ಹೆಣ್ಣುಮಕ್ಕಳಿಲ್ಲ. ಸಂಜಯನಿಗೆ ಇನ್ನೂ ಹೆಣ್ಣು ಗೊತ್ತಾಗಿಲ್ಲ.


ಹಿನಕಲ್
ಸೆಪ್ಟೆಂಬರ್ 28

ಮಾಲವಿಕಾ,

ನಿನ್ನ ಕಾಗದ ಸೋಮಮ್ಮನ ಹತ್ರ ಬಂದು ಕೂತಿತ್ತಂತೆ, ನಾನು ಹೊರಗೆ ಹೋಗೋಕೇ ಆಗಿರಲಿಲ್ಲ. ನಿನ್ನೆ ಹೂವಿನ ಬುಟ್ಟಿಯಲ್ಲಿ ಬಾಳೆಲೆ ಕೆಳಗಿಟ್ಟು ತಂದುಕೊಟ್ಟಳು. ಓದಿ ಒಲೆಗೆ ಹಾಕಿದೆ, ಕ್ಷಮಿಸು. ನಿಶ್ಚಿತಾನ್ನ ನಿನ್ನ ಅಕ್ಕನಿಗೆ ಗೊತ್ತಿರೋ ಹಾಸ್ಟೆಲಿಗೆ ಕಳಿಸು ಅಂತ ನೀನು ಬರೆದಿದ್ದೆ. ಆ ಸಾಲನ್ನ ಮಾತ್ರ ಬಾಯಿಪಾಠ ಮಾಡಿಕೊಂಡಿದೀನಿ.

ಊರೆಲ್ಲ ದಸರಾ ದೀಪ. ರಿಂಗ್ ರೋಡಿನವರೆಗೂ ಹಾಕಿದಾರೆ. ನಮ್ಮ ಹಿತ್ತಲಿಗೂ ಅದರ ಬೆಳಕು ಬೀಳುತ್ತೆ, ಕೆಂಪು, ಹಸಿರು, ಮತ್ತೆ ಕೆಂಪು. ಜಮೀನಲ್ಲಿ ಸಾಹುಕಾರ ಆಗಲೇ ಕಲ್ಲು ನೆಡಿಸಿದಾನೆ. ನಾನು ದಿನಾ ಆರು ತಟ್ಟೆ ಇಡ್ತೀನಿ. ಒಂದು ದಿನ ಕೈ ಸೋತು ಐದೇ ಇಟ್ಟಿದ್ದೆ. ಗಿರಿಜಾಂಬಾ ಅಕ್ಕ ಒಳಗೆ ಹೋಗಿ ಆರನೇದು ತಂದು ಇಟ್ಟಳು. ಭಾವ ಅದನ್ನ ನೋಡಿ ಊಟ ಮಾಡಿದರು.

ನಿನ್ನೆ ನಡೆದದ್ದು ಹೇಳಬೇಕು, ಅದಕ್ಕೇ ಕೂತಿದೀನಿ. ಸರ್ಕಾರದ ಸಮೀಕ್ಷೆ ಅಂತ ದಸರಾ ರಜೆಯಲ್ಲಿ ಮೇಷ್ಟ್ರುಗಳನ್ನ ಮನೆಮನೆಗೆ ಕಳಿಸಿದಾರೆ. ನಮ್ಮ ಬೀದಿಗೆ ಬಂದೋರು ಮಧುಶ್ರೀ ಮೇಡಂ. ನಿಶ್ಚಿತಾಗೆ ಹೈಸ್ಕೂಲಲ್ಲಿ ಪಾಠ ಹೇಳಿದೋರು. ಭಾವ ಕುರ್ಚಿ ಹಾಕಿಸಿ ಕೂರಿಸಿದರು. ನಾನು ಕಾಫಿ ತಂದು ಬಾಗಿಲ ಹತ್ರ ನಿಂತೆ.

ಮೇಡಂ ಫೋನ್ ಹಿಡಕೊಂಡು, "ಮನೇಲಿ ಎಷ್ಟು ಜನ ಸಾರ್?" ಅಂದರು.

"ಐದು" ಅಂದರು ಭಾವ.

ನನಗೆ ಮೊದಲು ಏನನ್ನಿಸಿತು ಗೊತ್ತಾ? ಮೂರು ಅನ್ನಲಿಲ್ಲವಲ್ಲ, ನಮ್ಮನ್ನೂ ಸೇರಿಸಿದರಲ್ಲ ಅಂತ ಒಂದು ಗಳಿಗೆ ಸಂತೋಷವೇ ಆಯ್ತು ಕಣೇ. ಆಮೇಲೆ ಅವರು ಹೆಸರು ಹೇಳ್ತಾ ಹೋದರು. ತಾವು, ಅಕ್ಕ, ಸಂಜಯ್, ಬಸವರಾಜು, ಪ್ರೇಮಲೀಲಾ. ಅಲ್ಲಿಗೆ ನಿಲ್ಲಿಸಿದರು.

ಮೇಡಂ ತಲೆ ಎತ್ತಿದರು. "ನಿಶ್ಚಿತಾ ಇದ್ದಳಲ್ಲ ಸಾರ್? ಚುರುಕು ಹುಡುಗಿ. ಡಿಗ್ರಿ ಎರಡನೇ ವರ್ಷ ಇರಬೇಕು."

"ಮದುವೆ ಆಯ್ತು ಮೇಡಂ. ಕೊಟ್ಟ ಹೆಣ್ಣು ಮನೆ ಲೆಕ್ಕಕ್ಕೆ ಬರಲ್ಲವಲ್ಲ."

"ಅಯ್ಯೋ, ಕರೀಲೇ ಇಲ್ಲ! ಯಾವಾಗ?"

"ಗೌರಿ ಹಬ್ಬ ಆದ್ಮೇಲೆ. ಅವಸರದಲ್ಲಿ. ಬೇಕಾದ್ರೆ ನೋಡಿ, ತವರಿನ ಬಾಗಿನ ಇನ್ನೂ ಇಲ್ಲೇ ಇದೆ, ಕಳಿಸಬೇಕು."

ಮೊರ ಅಲ್ಲೇ ಇತ್ತು. ಮೇಡಂ ಅದನ್ನ ನೋಡಿದರು. ಆಗ ನನಗೆ ಗೊತ್ತಾಯ್ತು ಮಾಲವಿಕಾ, ಅದನ್ನ ಯಾಕೆ ಯಾರೂ ಮುಟ್ಟಬಾರದು ಅಂದಿದ್ದರು ಅಂತ. ನನ್ನ ಗಂಡ ಕಿಟಕಿ ಪಕ್ಕ ನಿಂತು ತಮ್ಮ ಉಗುರು ನೋಡಿಕೊಳ್ತಾ ಇದ್ದರು. ಮೇಡಂ ಬೆರಳು ಫೋನಿನ ಮೇಲೆ ಹೋಯ್ತು. ಅದು ಒತ್ತಿದರೆ ಮುಗೀತು, ನಮ್ಮ ಮನೇಲಿ ಐದು ಜನ.

"ಆರು" ಅಂದೆ.

ಯಾರೋ ಅಂದಂಗೆ ಕೇಳಿಸಿತು. ಭಾವ ತಿರುಗಲಿಲ್ಲ. ಮೇಡಂ, "ಏನಮ್ಮ?" ಅಂದರು.

"ಆರು ಜನ. ನನ್ನ ಮಗಳು ನಿಶ್ಚಿತಾ. ವಯಸ್ಸು ಇಪ್ಪತ್ತು. ಬಿ.ಎ. ಎರಡನೇ ವರ್ಷ. ಮದುವೆ ಆಗಿಲ್ಲ. ಬರಕೊಳ್ಳಿ ಮೇಡಂ."

ಕಾಫಿ ತಟ್ಟೆ ನೆಲದ ಮೇಲೆ ಇಟ್ಟೆ. ಭಾವ ಹೇಳಿದರು, "ಇವಳಿಗೆ ಸ್ವಲ್ಪ ದಿನದಿಂದ ತಲೆ ಸರಿ ಇಲ್ಲ ಮೇಡಂ. ಮಗಳು ಹೋದ ಸಂಕಟ." ಮೇಡಂ ನನ್ನನ್ನ ನೋಡಿದರು, ಅವರನ್ನ ನೋಡಿದರು. ಆಗ ಗಿರಿಜಾಂಬಾ ಅಕ್ಕ ಒಳಗಿಂದಲೇ ಅಂದಳು, ಮುಖ ತೋರಿಸದೆ, "ಆರು ಕಣ್ರೀ ಮೇಡಂ. ಆರು ತಟ್ಟೆ ತೊಳೆದು ಬೋರಲು ಹಾಕಿದೀನಿ, ಬಂದು ನೋಡಿ."

ಮೇಡಂ ಒತ್ತಿದರು. ಏನು ಒತ್ತಿದರೋ ಅಂತ ಕುತ್ತಿಗೆ ಚಾಚಿ ನೋಡಿದೆ. ಆರು ಅಂತಲೇ ಇತ್ತು.

ಅವರು ಹೋದ ಮೇಲೆ ಭಾವ ಕೂಗಾಡಲಿಲ್ಲ. ಹೆಗಲ ಮೇಲಿನ ವಸ್ತ್ರ ಮಡಿಸಿ ತೊಡೆ ಮೇಲೆ ಇಟ್ಟುಕೊಂಡರು. "ನೋಡಮ್ಮ ಪ್ರೇಮಾ. ಈ ಮನೇಲಿ ನಾನು ಐದು ಅಂದ್ರೆ ಐದು. ನಾಲ್ಕು ಅನ್ನೋದೂ ನಂಗೆ ಕಷ್ಟ ಅಲ್ಲ" ಅಂದರು. ಮೆಲ್ಲಗೆ, ಹಾಲಿನೋನಿಗೆ ಲೆಕ್ಕ ಹೇಳಿದಂಗೆ.

ನಾಳೆ ಬೆಳಿಗ್ಗೆ ಹೂವು ತರ್ತೀನಿ ಅಂತ ಹೇಳಿ ಹೊರಡ್ತೀನಿ. ಸೋಮಮ್ಮನ ಅಂಗಡಿ ಹತ್ರ ಮಧುಶ್ರೀ ಮೇಡಂ ಇರ್ತಾರೆ. ನಿನ್ನೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳೋ ನೆಪದಲ್ಲಿ ಬಗ್ಗಿ ನನಗೆ ಹೇಳಿದ್ದು ಅದೊಂದೇ ಮಾತು, "ನಾಡಿದ್ದು ಹೂವಿನ ಅಂಗಡಿ. ಒಬ್ಬರೇ ಬನ್ನಿ, ಠಾಣೆಗೆ ನಾನು ಜೊತೆಗೆ ಬರ್ತೀನಿ." ಈ ಕಾಗದ ಅಲ್ಲೇ ಡಬ್ಬಿಗೆ ಹಾಕ್ತೀನಿ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆ ದೀಪ ನಗ್ತಾ ಇರಲಿ. ಅವರನ್ನ ದಿನಾ ಕಣ್ಣಿಂದ ಎಣಿಸಿಕೋ. ನಗಬೇಡ, ಎಣಿಸಿಕೋ.

ನಿನ್ನ
ಪ್ರೇಮಲೀಲಾ

ಮತ್ತೆ: ಇಷ್ಟು ಬರೆದೆ, ಇದೊಂದು ಬರೆಯೋಕೆ ಕೈ ಏಳಲಿಲ್ಲ. ನಿಶ್ಚಿತಾ ಮನೇಲಿಲ್ಲ ಕಣೇ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಕಾಲೇಜಿಗೆ ಅಂತ ಹೋದಳು, ಬರಲಿಲ್ಲ. ಫೋನು ಅವತ್ತಿಂದ ಸತ್ತಿದೆ. ಭಾವ ನನಗೆ ಹೇಳಿದ್ದು ಯಾರ ಜೊತೆಗೋ ಓಡಿಹೋದಳು, ಠಾಣೆಗೆ ಹೋದ್ರೆ ಮನೆ ಮರ್ಯಾದೆ ಹೋಗುತ್ತೆ ಅಂತ. ಬೀದಿಯೋರಿಗೆ ಹೇಳಿದ್ದು ಹಾಸ್ಟೆಲಿಗೆ ಸೇರಿಸಿದೀವಿ ಅಂತ. ಮೇಡಂಗೆ ಹೇಳಿದ್ದು ಮದುವೆ ಆಯ್ತು ಅಂತ. ಒಬ್ಬಳೇ ಹುಡುಗಿ ಮೂರು ಕಡೆ ಹೇಗೆ ಹೋಗ್ತಾಳೆ? ಆ ಧಾರೆ ಸೀರೆ ಬೀರುವಿನಲ್ಲಿಲ್ಲ. ಅಕ್ಕನ್ನ ಕೇಳಿದರೆ ನನ್ನ ಕೈ ಹಿಡಕೊಂಡು ಅಳ್ತಾಳೆ, ಬಾಯಿ ಬಿಡಲ್ಲ.

ಅದಕ್ಕೇ ಆರು ಅಂದದ್ದು. ಮನೆಯ ಲೆಕ್ಕದಲ್ಲೇ ಇಲ್ಲದೋಳು ಮನೆಯಿಂದ ಕಾಣೆಯಾದಳು ಅಂತ ಯಾರ ಹತ್ರ ಬರೆಸಲಿ?

ಇವತ್ತು ದಾಸವಾಳದ ಗಿಡಕ್ಕೆ ಹಾಕೋಣ ಅಂತ ಹಂಡೆ ಒಲೆಯ ಹಳೇ ಬೂದಿ ಗುಂಡಿ ಕೆದಕಿದೆ. ನಿನ್ನ ಪುಸ್ತಕಗಳ ರಟ್ಟು ಪೂರ್ತಿ ಸುಟ್ಟಿರಲಿಲ್ಲ. ವಯೋಲಾದು ಸಿಕ್ಕಿತು. ಐದು ಹೆಂಗಸರದು ಸಿಕ್ಕಿತು. ಬೇರೆಯವೂ ಚೂರುಚೂರು ಸಿಕ್ಕಿದವು. ಕಾಡಿನ ಚಿತ್ರ ಇರೋ ಆ ಲಾರಾದು ಮಾತ್ರ ಎಷ್ಟು ಜರಡಿ ಹಿಡಿದರೂ ಇಲ್ಲ. ಅಂದ್ರೆ ಅವಳು ಮುಂಚೆಯೇ ಎತ್ತಿಟ್ಟುಕೊಂಡಿರಬೇಕು, ಅಲ್ವಾ? ಅದು ಅವಳ ಬ್ಯಾಗಲ್ಲಿದೆ ಅಂದ್ರೆ ತಾನೇ ನಡೆದು ಹೋಗಿದಾಳೆ, ಯಾರೂ ಎಳಕೊಂಡು ಹೋಗಿಲ್ಲ. ಅಲ್ವೇನೇ?

ಅವತ್ತು ಹಾಲು ಉಕ್ಕಿತು ಅಂತ ಎದ್ದುಹೋದೆ, ಕೊನೆ ಕೇಳಲೇ ಇಲ್ಲ. ಬೇರೆ ಏನೂ ಬರೀಬೇಡ, ಅದೊಂದು ಬರಿ. ಆ ಲಾರಾ ಕಾಡು ದಾಟಿದಳಾ?